ಭಾವನ ಮನೆಯ ನೀರಿಗೆ ದಿಗ್ಬಂಧನ

ಕೋಣಂದೂರು ಬಸ್‌ಸ್ಟ್ಯಾಂಡಿನ ಎದುರು ಸುಂದರೇಶನ ಹೋಟೆಲು. ಅಲ್ಲಿ ದೋಸೆಗೆ ದುಡ್ಡು, ಅಮೆರಿಕಕ್ಕೆ ಬೈಯುವುದು ಧರ್ಮಾರ್ಥ. ಸಾಗರದ ಮೊದಲ ಬಸ್ಸಿನ ಡ್ರೈವರು ಕಾಫಿ ಮುಗಿಸುವುದರೊಳಗೆ ಸುಂದರೇಶ ವಿಯೆಟ್ನಾಮಿನಿಂದ ಹೊರಟು, ಚಿಲಿಯಲ್ಲಿ ಒಂದು ಸರ್ಕಾರ ಬಿದ್ದದ್ದನ್ನು ನೋಡಿಕೊಂಡು, ಇರಾಕಿನ ಗಡಿಗೆ ಬಂದು ನಿಂತಿರುತ್ತಿದ್ದ. ಗಾಜಾ ಬರುವ ಹೊತ್ತಿಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಹಾಗಾಗಿ ಆ ಡ್ರೈವರಿಗೆ ಗಾಜಾದ ಕತೆ ಕೊನೆಗೂ ದಕ್ಕಲಿಲ್ಲ. ಹೊಸನಗರದ ಬಸ್ಸಿನವನಿಗೆ ಪೂರ್ತಿ ಗೊತ್ತು. ಅವನು ಇಡ್ಲಿ ತಿನ್ನುವವನು, ನಿಧಾನ.

ಸುಂದರೇಶ ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಇಂಗ್ಲಿಷಿನಲ್ಲಿ ಒಮ್ಮೆ ಜಾರಿ ಬಿದ್ದು ಎದ್ದು. ಮಿಕ್ಕ ವಿದ್ಯೆಯೆಲ್ಲ ಬೋಂಡಾ ಕಟ್ಟಲು ತೂಕಕ್ಕೆ ತಂದ ಹಳೆ ಪೇಪರಿನಿಂದ ಬಂದದ್ದು. ಹೀಗಾಗಿ ಜಗತ್ತಿನಲ್ಲಿ ಯುದ್ಧ ನಿಂತ ಮೇಲೆ ಅವನ ಹೋಟೆಲಿನಲ್ಲಿ ಶುರುವಾಗುತ್ತಿತ್ತು. ಈಗೀಗ ಮೊಬೈಲು ಬಂದು ಆ ತೊಂದರೆ ತಪ್ಪಿದೆ, ಆದರೆ ಸಿಟ್ಟು ಮಾತ್ರ ಹಳೆ ಪೇಪರಿನದೇ.

ಸಿಟ್ಟು ಸುಳ್ಳಲ್ಲ. ಇರಾಕಿನ ಸುದ್ದಿ ಬಂದರೆ ಅವನು ಸಾಂಬಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಗಿರಾಕಿಯ ಎದುರು ಬಂದು ನಿಲ್ಲುತ್ತಿದ್ದ.

"ಮೊದ್ಲು ಬಾಂಬ್ ಹಾಕಿ ಕರೆಂಟು ತೆಗೆದ್ರು, ಊರೂರಿನ ನೀರಿನ ಪಂಪು ನಿಂತ್ವು. ಆಮೇಲೆ ದಿಗ್ಬಂಧನ. ನೀರಿಗೆ ಹಾಕೋ ಕ್ಲೋರಿನ್ ತರಿಸ್ತೀವಿ ಅಂದ್ರೆ, 'ಅದ್ರಲ್ಲಿ ವಿಷದ ಗ್ಯಾಸ್ ಮಾಡ್ತೀರಿ' ಅಂತ ತಡೆದು ಕೂತ್ರು. ಅರಮನೇಲಿ ಇದ್ದವನಿಗೆ ಎಂತಾಯ್ತು ಮಾರಾಯ್ರೆ? ಮೀಸೆ ತಿರುವ್ಕೊಂಡು ಹಾಗೇ ಇದ್ದ. ಭೇದಿಯಾಗಿ ಸತ್ತದ್ದು ಮಕ್ಕಳು. ಆಮೇಲೆ ಭಯಂಕರ ಅಸ್ತ್ರ ಅಡಗಿಸಿಟ್ಟಿದ್ದಾನೆ ಅಂತ ಹೇಳಿ ನುಗ್ಗಿ, ದೇಶಾನೇ ಅಗೆದ್ರು. ಸಿಕ್ಕಿದ್ದೆಂತದು? ಮಣ್ಣು! ತಪ್ಪಾಯ್ತು ಅಂತ ಆ ತಾಯಂದಿರ ಮುಂದೆ ಯಾರಾದ್ರೂ ಬಂದು ನಿಂತ್ರಾ? ಬಾಂಬ್ ಹಾಕೋದು ಟೀವಿ ಮುಂದೆ. ತಪ್ಪು ಒಪ್ಪೋದು ಪೇಪರಿನ ಮೂಲೇಲಿ. ಅದೂ ಎಂತ ಅಂತ? 'ಬಂದ ಮಾಹಿತಿ ಸರಿ ಇರ್ಲಿಲ್ಲ' ಅಂತ!"

ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದ ನಾಗರಾಜಪ್ಪ ಎಂದೂ ಎದುರಾಡಿದವನಲ್ಲ, ಸುಮ್ಮನಿದ್ದವನೂ ಅಲ್ಲ. ಅವನ ಅಪ್ಪನ ಗದ್ದೆ ಮಾಸ್ತಿಕಟ್ಟೆಯ ಹತ್ತಿರ ಮಾಣಿ ಡ್ಯಾಮಿನ ನೀರಿನಡಿ ಇದೆ.

"ನಮ್ಮಪ್ಪನ ಗದ್ದೆ ಮುಳುಗಿಸಿದ್ದು ಅಮೆರಿಕ ಅಲ್ಲ ಸುಂದರೇಶಣ್ಣ. ನೀವು ದೂರದ್ದು ನೋಡ್ತಾ ಚಟ್ನಿ ಬಡಿಸ್ತೀರಿ, ಅದು ಎಲೆ ಬಿಟ್ಟು ಟೇಬಲ್ ಮೇಲೆ ಬಿದ್ದಿದೆ ನೋಡಿ."

ಸುಂದರೇಶ ಟೇಬಲ್ ಒರೆಸಿದ. ಮಾತಿನ ಅರ್ಥ ಒರೆಸುವ ಬಟ್ಟೆಗೆ ಹತ್ತಿತೇ ಹೊರತು ಅವನ ತಲೆಗೆ ಹತ್ತಲಿಲ್ಲ. ಈ ಬೇಸಿಗೆಯವರೆಗೆ.

ಪೇಟೆಯಿಂದ ಬೈಕಿನಲ್ಲಿ ಒಂದಿಷ್ಟು ದೂರ ಹೋದರೆ ಗುಡ್ಡದ ಬುಡದಲ್ಲಿ ಮೂರು ಮನೆ. ಒಂದು ಸುಂದರೇಶನದು, ಒಂದು ನೆರೆಯ ಶಿವಮೂರ್ತಿಯದು, ಇನ್ನೊಂದು ಸುಂದರೇಶನ ತಂಗಿ ಶರಾವತಿಯನ್ನು ಕೊಟ್ಟ ಭಾವ ಹರಿಪ್ರಸಾದನದು. ಗುಡ್ಡದ ಮೇಲಿನ ಒರತೆಗೆ ತೊಟ್ಟಿ ಕಟ್ಟಿಸಿ, ಕಪ್ಪು ಪೈಪು ಎಳೆಸಿ ಮೂರೂ ಮನೆಗೆ ನೀರು ಹರಿಸಿದವರು ಸುಂದರೇಶನ ಅಪ್ಪಯ್ಯ. ಪೈಪು ಕವಲೊಡೆಯುವಲ್ಲಿ ಮೂರು ಗೇಟ್ ವಾಲ್ವ್, ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ. ಬೀಗದ ಕೈ ಅಪ್ಪಯ್ಯನ ಸೊಂಟದಿಂದ ಸುಂದರೇಶನ ಸೊಂಟಕ್ಕೆ ಬಂತು. ಅದರ ಜೊತೆಗೆ ಅಪ್ಪಯ್ಯ ಮಾಡಿಟ್ಟ ಒಂದು ಕಟ್ಟಳೆಯೂ ಬಂತು: ಶಿವರಾತ್ರಿ ಕಳೆದ ಮೇಲೆ ಪಾಳಿಯ ಮನೆಯವರು ಕತ್ತಿ ಹಿಡಿದು ಒರತೆಯಿಂದ ಕೆಳಗಿನವರೆಗೆ ಲೈನು ನೋಡಿ, ಬಳ್ಳಿ ಸವರಿ, ತೂತಿದ್ದರೆ ಮುಚ್ಚಬೇಕು. ಈ ವರ್ಷದ ಪಾಳಿ ಸುಂದರೇಶನದು. ನಾಳೆ ಹೋದರಾಯಿತು ಅಂದುಕೊಂಡ. ಇರಾನಿನ ಮೇಲಿನ ದಿಗ್ಬಂಧನ, ಅಲ್ಲಿ ಔಷಧಿಗೆ ಬಂದ ಬರ, ಇಷ್ಟನ್ನು ಗಿರಾಕಿಗಳಿಗೆ ಬಿಡಿಸಿ ಹೇಳುವುದರಲ್ಲೇ ಆ ನಾಳೆ ಯುಗಾದಿ ದಾಟಿತು.

ಯುಗಾದಿ ಕಳೆಯಿತು, ನಲ್ಲಿಯ ನೀರು ಜನಿವಾರದ ಎಳೆಯಷ್ಟಾಯಿತು.

ಆಗ ಗುಪ್ತಚರ ವರದಿ ಬಂತು. ತಂದವನು ಶಿವಮೂರ್ತಿ.

"ಹರಿಪ್ರಸಾದ ಸಾಗರದಿಂದ ಜೀಪಲ್ಲಿ ಮೋಟಾರಿನ ಬಾಕ್ಸು ತಂದಿದ್ದಾನೆ. ಕಣ್ಣಾರೆ ನೋಡಿದೀನಿ. ಕೊಟ್ಟಿಗೆ ಹಿಂದೆ ಇಳಿಸ್ಕೊಂಡ."

"ಮೋಟಾರು ನೋಡಿದ್ಯಾ?"

"ಬಾಕ್ಸು ನೋಡಿದೆ ಅಂದ್ನಲ್ಲ. ಬಾಕ್ಸೊಳಗೆ ಎಂತ ಇರ್ತದೆ, ಮೋದಕವಾ?"

ಸುಂದರೇಶನಿಗೆ ಅಷ್ಟು ಸಾಕಾಯಿತು. ಭಾವನ ಬಾಳೆಗಿಡಗಳು ಹಸಿರಾಗಿವೆ, ತನ್ನವು ಬಾಡಿವೆ. ಇನ್ನೇನು ಬೇಕು ಸಾಕ್ಷಿ? ಒರತೆಗೇ ಮೋಟಾರು ಇಟ್ಟು ಎಳೆಯುತ್ತಿದ್ದಾನೆ! ಮರುದಿನ ಹೋಟೆಲಿನಲ್ಲಿ ಇರಾಕ್ ಬದಿಗೆ ಸರಿದು ಹರಿಪ್ರಸಾದನ ಕತೆ ಬಂತು. "ಸ್ವಂತ ಭಾವ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗ್ತದೆ. ನೀರು ಕದೀತಾನೆ," ಎಂದು ಸುಂದರೇಶ ತುಂಬಿದ ಹೋಟೆಲಿನಲ್ಲಿ ಹೇಳಿದ. ಸಾಗರದ ಬಸ್ಸಿನ ಡ್ರೈವರು ಕೂಡ ಅಂದು ಪೂರ್ತಿ ಕೇಳಿಸಿಕೊಂಡೇ ಹೋದ.

ಮಾತು ಬಸ್ಸಿಗಿಂತ ಮೊದಲು ಊರು ತಲುಪಿತು. ಸಂಜೆ ಹರಿಪ್ರಸಾದ ಬೇಲಿಯ ಆಚೆ ಬಂದು ನಿಂತ. ಮೆತ್ತಗಿನ ಮನುಷ್ಯ.

"ಮೋಟಾರು ಗೀಟಾರು ಎಂತದೂ ಇಲ್ಲ ಭಾವ. ಬಂದು ನೋಡಿ ಬೇಕಾದ್ರೆ. ಕೊಟ್ಟಿಗೆ, ಅಟ್ಟ, ಎಲ್ಲಾ ನೋಡಿ."

"ಅಷ್ಟು ಧೈರ್ಯವಾಗಿ ಕರೀತೀರಿ ಅಂದ್ರೆ ಅಡಗಿಸಿ ಆಗಿದೆ ಅಂತ ಅರ್ಥ," ಎಂದ ಸುಂದರೇಶ.

ಹೇಳಿದ ಮಾತು ಎಲ್ಲೋ ಓದಿದ ಹಾಗಿದೆ ಅನ್ನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ. ಶಿವಮೂರ್ತಿಯನ್ನು ಮಿತ್ರಪಡೆಯಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡು, ಪೆಟ್ಟಿಗೆಯ ಬೀಗ ತೆಗೆದು, ಭಾವನ ಮನೆಯ ವಾಲ್ವನ್ನು ತಿರುಗುವವರೆಗೂ ತಿರುಗಿಸಿ ಬಂದ್ ಮಾಡಿದ. ಮೋಟಾರು ತೆಗೆಯುವವರೆಗೆ ನೀರಿಲ್ಲ.

"ಅಲ್ರೀ, ಆ ಮನೇಲಿರೋದು ನಿಮ್ಮ ತಂಗಿ," ಎಂದಳು ಹೆಂಡತಿ ರಂಜನಾ.

"ನಂಗೆ ತಂಗಿ ಮೇಲೆ ಸಿಟ್ಟಿಲ್ಲ. ಭಾವನ ಮೇಲೆ ಮಾತ್ರ."

"ಹಾಗಂತ ಪೈಪಿಗೆ ಹೇಳಿದೀರಾ?"

ಹರಿಪ್ರಸಾದನ ಮನೆಯ ಬಾವಿ ಯುಗಾದಿಗೇ ಬತ್ತಿತ್ತು. ಶರಾವತಿ ಕೆಳಗಿನ ಹಳ್ಳದ ಗುಂಡಿಯಿಂದ ಕೊಡ ಹೊರತೊಡಗಿದಳು. ದನಕ್ಕೆ, ಪಾತ್ರೆಗೆ, ಅತ್ತೆಯ ಸ್ನಾನಕ್ಕೆ, ಎಲ್ಲಕ್ಕೂ. ಸೊಂಟ ಹಿಡಿದುಕೊಂಡು ಏರು ಹತ್ತುವ ತಂಗಿ ಹೋಟೆಲಿಗೆ ಹೊರಟ ಅಣ್ಣನ ಬೈಕಿಗೆ ಎದುರಾಗುತ್ತಿದ್ದಳು. ಮೊದಲ ದಿನ ನಿಂತು ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು. ಹರಿಪ್ರಸಾದ ಎಂದಿನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಸೊಸೈಟಿಯ ಕೆಲಸಕ್ಕೆ ಹೋಗಿ ಬರುತ್ತಿದ್ದ. ಅವನ ಮೀಸೆಯೂ ಹಾಗೇ ಇತ್ತು.

ಅಪ್ಪಯ್ಯನ ತಿಥಿ ಹತ್ತಿರ ಬಂದಿತ್ತು. ಪ್ರತಿ ವರ್ಷ ಶರಾವತಿ ಹಿಂದಿನ ದಿನವೇ ಬಂದು ಅಕ್ಕಿ ನೆನೆಹಾಕುತ್ತಿದ್ದಳು. ಅಪ್ಪಯ್ಯನಿಗೆ ಇಷ್ಟವಾದ ಎರೆಯಪ್ಪ ಅವಳ ಕೈಯಲ್ಲಿ ಮಾತ್ರ ಉಬ್ಬುತ್ತದೆ; ಹೋಟೆಲು ನಡೆಸುವ ಅಣ್ಣನ ಕೈಯಲ್ಲಿ ಅದು ಚಪ್ಪಲಿಯ ಅಟ್ಟೆಯಾಗುತ್ತದೆ. ಈ ಸಲ ಅವಳು ಬರುತ್ತಾಳೋ ಇಲ್ಲವೋ ಎಂಬುದು ಸುಂದರೇಶನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಮೀನು ತಿನ್ನದವನ ಗಂಟಲಲ್ಲಿ ಮುಳ್ಳು ಬಂದದ್ದಾದರೂ ಹೇಗೆ ಎಂದು ಅವನೇ ತನ್ನನ್ನು ಅಣಕಿಸಿಕೊಂಡ.

ಇತ್ತ ಒಂದು ಅಚ್ಚರಿ ನಡೆದಿತ್ತು. ಭಾವನ ನೀರು ನಿಂತರೂ ಇವನ ನಲ್ಲಿಯ ನೀರು ಒಂದೆಳೆಯೂ ಹೆಚ್ಚಾಗಲಿಲ್ಲ.

"ಗೆದ್ದ ನೀರೆಲ್ಲಿ?" ಎಂದು ರಂಜನಾ ಖಾಲಿ ಕೊಡ ಅವನ ಮುಂದೆ ಕುಕ್ಕಿದಳು.

ತಿಥಿಗೆ ಎರಡು ದಿನವಿದೆ ಎನ್ನುವಾಗ ಅವನು ಕತ್ತಿ ಹಿಡಿದು ಗುಡ್ಡ ಹತ್ತಿದ. ಒರತೆಯ ಹತ್ತಿರ ಮೋಟಾರಿಲ್ಲ, ವೈರಿಲ್ಲ, ಹೆಜ್ಜೆ ಗುರುತಿಲ್ಲ. ತೊಟ್ಟಿ ತುಂಬಿ ನಿಂತಿದೆ. ಪೈಪಿನ ಗುಂಟ ಬಳ್ಳಿ ಸವರುತ್ತ ಇಳಿದ. ಅರ್ಧ ದಾರಿಯಲ್ಲಿ ಮಟ್ಟಿಯೊಳಗೆ ಜುಳುಜುಳು ಸದ್ದು. ಪೈಪನ್ನು ಮುಳ್ಳುಹಂದಿ ಕಡಿದು ಹಾಕಿತ್ತು. ಬೇಸಿಗೆಯಲ್ಲಿ ಬಾಯಾರಿದರೆ ಅವು ಮಾಡುವ ಕೆಲಸವೇ ಅದು, ಲೈನು ನೋಡುವ ಪಾಳಿ ಇಟ್ಟದ್ದೇ ಅದಕ್ಕೆ. ಕಪ್ಪು ಬಿಳುಪಿನ ಎರಡು ಮುಳ್ಳು ಬಿಟ್ಟುಹೋಗಿತ್ತು, ಸಹಿ ಹಾಕಿದ ಹಾಗೆ. ನೀರೆಲ್ಲ ಇಳಿಜಾರಿನಲ್ಲಿ ಹರಿದು ಭಾವನ ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಬಾಳೆ ಹಸಿರಾಗದೆ ಏನಾಗುತ್ತದೆ?

ಸುಂದರೇಶ ಅಲ್ಲೇ ಕಲ್ಲಿನ ಮೇಲೆ ಕೂತ. ಇರಾಕಿನ ಮರಳು ಅಗೆದು ಬರಿಗೈಯಲ್ಲಿ ನಿಂತವರನ್ನು ಅವನು ಎಷ್ಟು ಬಗೆಯಲ್ಲಿ ಅಣಕಿಸಿದ್ದ! ಅವರಿಗೆ ಕಡೇಪಕ್ಷ ದೊಡ್ಡ ಸೈನ್ಯವಿತ್ತು, ಎಣ್ಣೆಯ ಆಸೆಯಿತ್ತು, ಇಂಗ್ಲಿಷ್ ಬರುತ್ತಿತ್ತು. ತನಗೆ ಇದ್ದದ್ದು ಒಂದು ಬೀಗದ ಕೈ, ಒಬ್ಬ ಶಿವಮೂರ್ತಿ. ಅಷ್ಟಕ್ಕೇ ಇಷ್ಟು. ಆರು ಯುದ್ಧದ ಹಡಗು ಕೊಟ್ಟಿದ್ದರೆ ತೀರ್ಥಹಳ್ಳಿಯನ್ನು ಉಳಿಸುತ್ತಿದ್ದೆನೆ?

ಪೈಪಿಗೆ ಜಾಯಿಂಟ್ ಹಾಕಿದ. ವಾಲ್ವ್ ತೆರೆದ. ಮೂರೂ ಮನೆಗೆ ನೀರು ಭರ್ತಿ ಬಂತು. ಇನ್ನು ಯಾರೂ ಏನೂ ಹೇಳದಿದ್ದರೆ ತಾನೂ ಏನೂ ಹೇಳಬೇಕಿಲ್ಲ ಎಂದು ಮನೆಗೆ ಬಂದು ಕೂತ. ಆದರೆ ಮರುದಿನ ಅಕ್ಕಿ ನೆನೆಹಾಕಲು ಶರಾವತಿ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ಅವನೇ ಹೋದ.

ಅವಳು ಹಿಂದಿನ ಜಗಲಿಯಲ್ಲಿ ಅಪ್ಪೆಮಿಡಿಯ ತೊಟ್ಟು ಮುರಿಯುತ್ತಿದ್ದಳು. ಪಕ್ಕದಲ್ಲಿ ಮೋಟಾರಿನ ಬಾಕ್ಸು. ಅದರ ತುಂಬ ಉಪ್ಪಿನಕಾಯಿಯ ಮಾವಿನಮಿಡಿ.

"ಸಾಗರದ್ದಾ?" ಎಂದ ಸುಂದರೇಶ. 

"ಹೌದು. ಅಂಗಡಿಯವ್ರು ಸಿಕ್ಕಿದ ಬಾಕ್ಸಲ್ಲಿ ಹಾಕಿ ಕೊಟ್ಟಿದ್ರು. ನಿನ್ನ ಹೋಟ್ಲಿಗೂ ಒಂದು ಭರಣಿ ಅಂತ ಹೆಚ್ಚು ತರಿಸಿದ್ದೆ."

"ಪೈಪು ಮುಳ್ಳುಹಂದಿ ಕಡ್ದಿತ್ತು. ಬಂದ ಮಾಹಿತಿ ಸರಿ ಇರ್ಲಿಲ್ಲ ಶರೂ..."

ಹೇಳಿ ನಾಲಿಗೆ ಕಚ್ಚಿಕೊಂಡ. ಶರಾವತಿ ಕೈಯಲ್ಲಿದ್ದ ಮಿಡಿ ಕೆಳಗಿಟ್ಟಳು.

"ಪೇಪರಿನ ಮೂಲೇಲಿ ಹೇಳ್ತಿದ್ದೀಯ ಅಣ್ಣ. ಬಾಂಬು ಹಾಕಿದ್ದು ಎಲ್ಲಿ? ಹೋಟ್ಲಲ್ಲಿ. ಇವ್ರು ಪೇಟೆಗೆ ಹೋದ್ರೆ ಜನ 'ಮೋಟಾರು ಹೇಗಿದೆ' ಅಂತ ಕೇಳ್ತಾರೆ. ನನ್ನ ಸೊಂಟದ ನೋವು ಎಣ್ಣೆ ಹಚ್ಚಿದ್ರೆ ಹೋಗ್ತದೆ. ಹೋಟ್ಲಲ್ಲಿ ಹೇಳಿದ್ದನ್ನ ಹೋಟ್ಲಲ್ಲೇ ವಾಪಸ್ ತಗೋ. ಆಮೇಲೆ ಅಪ್ಪಯ್ಯನ ತಿಥಿ ಮಾತು."

"ಗಿರಾಕಿಗಳ ಮುಂದೆಯಾ?"

"ಆ ತಾಯಂದಿರ ಮುಂದೆ ಬಂದು ನಿಂತ್ರಾ ಅಂತ ನೀನೇ ಕೇಳೋದಲ್ವಾ? ನಾನೂ ಹೋಟ್ಲಿಗೆ ಬಂದಾಗ ಕೇಳಿದೀನಿ. ಚೆನ್ನಾಗಿ ಹೇಳ್ತೀಯ."

ಅಂದೇ ಸಂಜೆ, ಬಸ್ಸುಗಳು ವಾಪಸ್ ಬರುವ ಹೊತ್ತು. ಹೋಟೆಲು ತುಂಬಿತ್ತು. ಬೇಕೆಂದೇ ಕರೆಸಿಕೊಂಡಿದ್ದ ಹರಿಪ್ರಸಾದ ಬಾಗಿಲ ಬಳಿ ಕೂತಿದ್ದ. ಸುಂದರೇಶ ಗಲ್ಲಾ ಬಿಟ್ಟು ಎದ್ದು ನಿಂತ. ಅಮೆರಿಕದ ಕತೆಗೆ ಸರಾಗವಾಗಿ ಓಡುವ ನಾಲಿಗೆ ಇಂದು ಸುತ್ತುದಾರಿ ಹಿಡಿಯಿತು.

"ನಮ್ಮ ಕಡೆ ನೀರಿನ ವಿಷ್ಯದಲ್ಲಿ ಸ್ವಲ್ಪ ವ್ಯತ್ಯಾಸ ಆಗಿತ್ತು," ಎಂದು ಶುರುಮಾಡಿದ.

"ಯಾರಿಂದ ಆಗಿತ್ತು?" ಎಂದ ನಾಗರಾಜಪ್ಪ ಮೂಲೆಯಿಂದ.

"ಆಗಿತ್ತು."

"ಗಾಳಿಗೆ ಆಯ್ತಾ ಸುಂದರೇಶಣ್ಣ?"

ಸುಂದರೇಶ ಹೆಗಲ ಮೇಲಿನ ಬಟ್ಟೆ ತೆಗೆದು ಮುಖ ಒರೆಸಿಕೊಂಡ. "ನನ್ನಿಂದ. ಪಾಳಿ ನಂದು, ಲೈನು ನೋಡಿಲ್ಲ. ಪೈಪು ಕಡಿದದ್ದು ಮುಳ್ಳುಹಂದಿ. ಭಾವ ಕದ್ದಿಲ್ಲ. ಅವ್ರ ಮನೇಲಿ ಮೋಟಾರಿಲ್ಲ, ಮಾವಿನಮಿಡಿ ಇತ್ತು. ಬಂದು ನೋಡಿ ಅಂದ್ರು, ನಾನು ನೋಡಿಲ್ಲ. ನೀರು ನಿಲ್ಲಿಸಿದೆ. ಹೊತ್ತದ್ದು ನನ್ನ ತಂಗಿ." ಅವನು ಬಾಗಿಲ ಕಡೆಗೆ ತಿರುಗಿದ. "ತಪ್ಪಾಯ್ತು ಭಾವ."

 ದೋಸೆ ಕಲ್ಲಿನ ಮೇಲೊಂದು ದೋಸೆ ಸೀದುಹೋಯಿತು.

ಹರಿಪ್ರಸಾದ ಗಂಟಲು ಸರಿಮಾಡಿಕೊಂಡ. "ಆಯ್ತು ಬಿಡಿ. ಒಂದು ಲೋಟ ನೀರು ಕೊಡ್ತೀರಾ? ಇಲ್ಲಿ ಬಂದ್ ಆಗಿಲ್ಲವಷ್ಟೆ?"

ಹೋಟೆಲು ನಕ್ಕಿತು. ಸುಂದರೇಶನೂ ನಗಬೇಕಾಯಿತು, ನೀರು ತಂದಿಟ್ಟ, ಜೊತೆಗೆ ಪೆಟ್ಟಿಗೆಯ ಬೀಗದ ಕೈಯನ್ನೂ. "ಇದು ನಿಮ್ಮ ಹತ್ರ ಇರ್ಲಿ. ನನ್ನ ಸೊಂಟಕ್ಕೆ ಬೇಡ, ಬೇಗ ತಲೆಗೇರ್ತದೆ."

ಮರುದಿನ ಬೆಳಗಾಗುವ ಮೊದಲೇ ಶರಾವತಿ ಬಂದಳು. ಅಕ್ಕಿಯನ್ನು ಅವಳು ತನ್ನ ಮನೆಯಲ್ಲೇ ನೆನೆಹಾಕಿದ್ದಳು. ಅಣ್ಣ ನಿಜವಾಗಿ ಹೇಳುತ್ತಾನೋ ಇಲ್ಲವೋ ಎಂದು ತಿಳಿಯುವ ಮೊದಲೇ. ಎರೆಯಪ್ಪ ಉಬ್ಬಿತು. ಕಾಗೆಗೆ ಇಟ್ಟ ಎಲೆಗೆ ಕಾಗೆಯೂ ಬಂತು, ಸ್ವಲ್ಪ ಕಾಯಿಸಿ.

ಸುಂದರೇಶ ಅಮೆರಿಕವನ್ನು ಬಿಟ್ಟಿಲ್ಲ. ಮುಳ್ಳುಹಂದಿ ಪೈಪು ಕಡಿದ ಮಾತ್ರಕ್ಕೆ ಗಾಜಾದ ಮಕ್ಕಳ ಮೇಲೆ ಬಿದ್ದ ಬಾಂಬಿನ ಪಾಪ ತೊಳೆದುಹೋಗುವುದಿಲ್ಲ ಎನ್ನುತ್ತಾನೆ, ಮೊದಲಿಗಿಂತ ಜೋರಾಗಿ. ಒಂದೇ ವ್ಯತ್ಯಾಸ: ಇರಾಕಿಗೂ ಗಾಜಾಕ್ಕೂ ನಡುವೆ ಈಗ ಒಂದು ಸ್ಟಾಪು ಹೆಚ್ಚಾಗಿದೆ, ಅವನದೇ ಮನೆಯ ಗೇಟ್ ವಾಲ್ವಿನ ಹತ್ತಿರ. ಅಲ್ಲಿ ಅವನು ಇಳಿದು, ತನಗೆ ತಾನೇ ಬೈದುಕೊಂಡು, ಮತ್ತೆ ಹತ್ತುತ್ತಾನೆ. ಅಷ್ಟರಲ್ಲಿ ಸಾಗರದ ಬಸ್ಸು ಹಾರನ್ ಹೊಡೆಯುತ್ತದೆ. ಡ್ರೈವರಿಗೆ ಗಾಜಾ ಇನ್ನೂ ದಕ್ಕಿಲ್ಲ.