ಮೀನಿನ ಪೆಟ್ಟಿಗೆಗೆ ಪೂಜೆಯ ನೀರು

ಸಂಸ್ಥಾನದ ಕಾಲದ ಮಾತು. ನನ್ನ ಗಂಡ ಮುಂಬಯಿಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಊರಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಸಾಂಗ್ಲಿ ಪೇಟೆಯ ದೊಡ್ಡ ಮನೆಯಲ್ಲಿ ಉಳಿದವರು ನಾನು ಮತ್ತು ಅರಿಶಿನದ ವ್ಯಾಪಾರದ ನನ್ನ ಮಾವನವರು. ಅತ್ತೆ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮಾತಾಡಬಾರದು ಎಂಬುದು ನಮ್ಮ ಮನೆತನದ ರಿವಾಜು. ತಾಟು ಇಟ್ಟು ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ. ರೊಟ್ಟಿ ಬೇಕಾದರೆ ಅವರು ತಂಬಿಗೆ ಕುಟ್ಟುತ್ತಿದ್ದರು, ಸಾಕಾದರೆ ಕೆಮ್ಮುತ್ತಿದ್ದರು. ಮೂರು ವರ್ಷ ಆ ಮನೆಯಲ್ಲಿ ನಾನು ಕೇಳಿದ್ದು ಇಷ್ಟೇ. ತವರೂರು ಮಾಲಗಾಂವದಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಇಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಜೋಳದ ಜೊತೆ ಹರಟುತ್ತಿದ್ದೆ.

ನನ್ನ ಬೇಸರ ಗಂಡನಿಗೆ ತಿಳಿದಿತ್ತೋ ಏನೋ, ಒಂದು ದೀಪಾವಳಿಗೆ ಸೀರೆಯ ಬದಲು ನಾಲ್ಕು ಮೀನು ತಂದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ! ಬಂಗಾರದ ಬಣ್ಣ, ಸೆರಗಿನಂಥ ಬಾಲ. ಗಾಜಿನ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಬಂದಿದ್ದರು. ಮಿರಜಿನ ತಗಡಿನ ಕೆಲಸದವನ ಹತ್ತಿರ ಕಬ್ಬಿಣದ ಪಟ್ಟಿಯ ಗಾಜಿನ ಪೆಟ್ಟಿಗೆ ಮಾಡಿಸಿದರು. ನೀರು ತುಂಬಿದ ಕೂಡಲೇ ನಾಲ್ಕೂ ಮೂಲೆ ಸೋರಿ ಪಡಸಾಲೆ ಕೆರೆಯಾಯಿತು. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಮೂಲೆಗಳಿಗೆ ಮೆತ್ತಿ, ಒಣಗಿಸಿದ ಮೇಲೆ ನಿಂತಿತು. ಕೃಷ್ಣಾ ಹೊಳೆಯ ಉಸುಕನ್ನು ಕೆಸರಿನ ಬಣ್ಣ ಹೋಗುವವರೆಗೂ ತೊಳೆದು ತಳಕ್ಕೆ ಹಾಸಿದೆ. ಎರಡು ನೀರಬಳ್ಳಿ ನೆಟ್ಟೆ.

ಪಕ್ಕದ ಮನೆಯ ಕಾಕು ಇಣುಕಿ ಮೂಗಿನ ಮೇಲೆ ಬೆರಳಿಟ್ಟಳು. “ಅಯ್ಯ ಶಿವನ! ಲಿಂಗವಂತರ ಮನ್ಯಾಗ ಮೀನಾ?”

“ನೋಡಾಕ ತಂದೇವ್ರಿ ಕಾಕು, ತಿನ್ನಾಕಲ್ಲ,” ಎಂದೆ.

ಮುಂಬಯಿಗೆ ಹೊರಡುವಾಗ ಗಂಡ ನನಗೊಬ್ಬಳಿಗೇ ಒಂದು ಮಾತು ಹೇಳಿಹೋದರು. “ನೀರ ಮಣ್ಣಿನ ಕೊಡದಾಗ ಎರಡ ದಿನಾ ಇಟ್ಟು ಹಾಕು. ತಾಮ್ರದ್ದ ಮಾತ್ರ ಬ್ಯಾಡ. ಮೀನಿಗೆ ಅದು ವಿಷ.”

ಮಾವನವರ ಲಿಂಗಪೂಜೆಗೆ ರಾತ್ರಿಯಿಡೀ ತಾಮ್ರದ ಕೊಡದಲ್ಲಿಟ್ಟ ನೀರೇ ಆಗಬೇಕು. ಅದಕ್ಕಿಂತ ಶುದ್ಧವಾದದ್ದು ಲೋಕದಲ್ಲಿಲ್ಲ ಎಂದು ಅವರ ನಂಬಿಕೆ. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಉಳಿದ ನೀರಿನ ತಂಬಿಗೆ ಹಿಡಿದು ಪಡಸಾಲೆಗೆ ಬಂದರು. ಪೆಟ್ಟಿಗೆಯ ಮೇಲೆ ಬಗ್ಗಿ ಮೆಲ್ಲಗೆ ಸುರಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮಾತು ಬಾಯಿಗೆ ಬಂತು. ಅಷ್ಟರಲ್ಲಿ ಅವರು ಮೀನುಗಳನ್ನು ಕೇಳಿದರು: “ಏನ್ರೋ, ನಿಮ್ಮವ್ವ ಉಂಡಾಳೇನು?”

ಮೂರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ಮಾತು. ಅಳು ಬಂತು. “ಉಂಡಾಳಂತ ಹೇಳ್ರಿ,” ಎಂದೆ, ನಾನೂ ಮೀನುಗಳಿಗೇ.

ಅಂದಿನಿಂದ ದಿನಾ ಬಂದರು. ಮಗನ ಕಾಗದ ಬಂದದ್ದು, ಬುಧಗಾಂವದಿಂದ ಅರಿಶಿನದ ಗಾಡಿ ತಡವಾಗಿ ಬಂದದ್ದು, ಹಲ್ಲುನೋವು, ಎಲ್ಲವನ್ನೂ ಮೀನುಗಳಿಗೆ ಹೇಳುತ್ತಿದ್ದರು. ನಾನು ಮೀನುಗಳ ಪರವಾಗಿ ಉತ್ತರ ಕೊಡುತ್ತಿದ್ದೆ. ಪ್ರತಿ ದಿನವೂ ಒಂದು ತಂಬಿಗೆ ತಾಮ್ರದ ನೀರು ಒಳಗೆ ಹೋಗುತ್ತಿತ್ತು. ಮೀನಿಗೆ ಹೇಳಿದ ಹಾಗೆ ಅದನ್ನೂ ಹೇಳಿಬಿಡಬಹುದಿತ್ತು. ಆದರೆ ಪೂಜೆಯ ನೀರನ್ನು ವಿಷ ಅಂದ ಮೇಲೆ ಅವರು ಮತ್ತೆ ಯಾಕೆ ಬಂದಾರು? ಅವರು ಅಂಗಡಿಗೆ ಹೋದ ಮೇಲೆ ಅರ್ಧ ನೀರು ಬದಲಿಸುತ್ತಿದ್ದೆ, ಅಷ್ಟಕ್ಕೇ ಪಾಪ ಕಳೆದೀತೆಂದು. ನನಗೆ ಮೀನಿಗಿಂತ ಆ ಮಾತು ಬೇಕಾಗಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಒಂದು ಸತ್ತಿತು. ವಾರದಲ್ಲಿ ಇನ್ನೊಂದು. ಮೂರನೆಯದು ಸತ್ತ ದಿನವೂ ಸುಮ್ಮನಿದ್ದೆ. ಕೊನೆಯದು ಹೊಟ್ಟೆ ಮೇಲಾಗಿ ತೇಲಿದ ಬೆಳಿಗ್ಗೆ ಮಾವನವರು ತಂಬಿಗೆ ಹಿಡಿದು ನಿಂತೇ ಇದ್ದರು. “ಯಾರ ಕಣ್ಣ ಬಿತ್ತೋ ಏನೋ,” ಎಂದರು.

ನನ್ನ ಮೇಲಿನ ಸಿಟ್ಟು ಅವರ ಮೇಲೆ ಹರಿಯಿತು. ರಿವಾಜು ಗಿವಾಜು ಮರೆತು ಬಾಗಿಲು ದಾಟಿ ಬಂದೆ. “ಕಣ್ಣಲ್ರಿ! ನಿಮ್ಮ ತಾಮ್ರದ ನೀರ! ಮೀನಿಗೆ ಅದು ವಿಷರಿ!” ಮಾವನವರ ಮುಖ ನೋಡಿ ನಾನಾಡಿದ ಮೊದಲ ಮಾತು ಅದು.

ಅವರು ತಂಬಿಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಷ್ಟು ಹಿರಿಯರು, ತಲೆ ತಗ್ಗಿಸಿ, “ತಪ್ಪಾತವ್ವಾ. ನನಗ ಗೊತ್ತಿರಲಿಲ್ಲ,” ಎಂದರು.

ನನಗೆ ಗೊತ್ತಿತ್ತು ಎನ್ನಬೇಕಿತ್ತು. ಅನ್ನಲಿಲ್ಲ. ಮರುದಿನದಿಂದ ಅವರು ಪೂಜೆ ಮುಗಿಸಿ, ಪಡಸಾಲೆಗೆ ಬಾರದೆ, ಹಿತ್ತಲ ಬಾಗಿಲಿನಿಂದಲೇ ಅಂಗಡಿಗೆ ಹೋದರು. ಮೀನುಗಳನ್ನು ತಾವೇ ಕೊಂದೆವೆಂದು ತಿಳಿದುಕೊಂಡೇ, ಸಾಯುವವರೆಗೂ ಆ ಬಾಗಿಲಿನಿಂದಲೇ ಓಡಾಡಿದರು.