ಬುತ್ತಿ ಕಟ್ಟಿಕೊಂಡು ಮದುವೆಗೆ ಹೋದದ್ದು

ಅಮ್ಮ ಯೇಸುವನ್ನು ನಂಬಿದ್ದು ನಾನು ಬಳ್ಳಾರಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಸೋಮವಾರಕ್ಕೊಂದು, ಶನಿವಾರಕ್ಕೊಂದು ಕಟ್ಟಳೆ ಇತ್ತು. ಇನ್ನು ಅವೆಲ್ಲ ಹೋದವು ಎಂದು ನಾನು ಹಿಗ್ಗಿದ್ದೇ ಬಂತು. ದೇವರು ಬದಲಾಗಿದ್ದರು, ಅಮ್ಮ ಬದಲಾಗಿರಲಿಲ್ಲ. ಭಾನುವಾರ ಟೀವಿ ಹಚ್ಚುವಂತಿಲ್ಲ. ಮಲ್ಲಿಗೆ ಮುಡಿಯುವಂತಿಲ್ಲ. ಅಕ್ಕಿ ಚೀಲದ ಮೇಲೆ ಲಕ್ಷ್ಮಿಯ ಚಿತ್ರವಿದ್ದರೆ ಚೀಲ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಿಂದ ಗಣಪತಿಯನ್ನು ಕತ್ತರಿಸಿ ತೆಗೆದು, ಬರೀ ತಾರೀಖುಗಳನ್ನು ಮೊಳೆಗೆ ತೂಗುಹಾಕಿದ್ದಳು. ಪೂಜೆಯಾದ ಮನೆಯ ಊಟವನ್ನಂತೂ ಮುಟ್ಟುವ ಮಾತೇ ಇರಲಿಲ್ಲ.

ಹೀಗಿರುವಾಗ ಕುರುಗೋಡಿನ ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ, ಮಗಳ ಮದುವೆ ಇಟ್ಟುಕೊಂಡಳು. ಹೋಗದಿದ್ದರೆ ಸಂಬಂಧವೇ ಮುರಿಯುತ್ತದೆ, ಹೋದರೆ ಉಣ್ಣಬೇಕು. ಅಮ್ಮ ಯೋಚಿಸಿ ಯೋಚಿಸಿ ಚಪಾತಿ ಮತ್ತು ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ನನ್ನೊಡನೆ ಬಸ್ಸು ಹತ್ತಿದಳು.

ಅಕ್ಷತೆ ಬಿದ್ದ ಮೇಲೆ ಎಲ್ಲರೂ ಊಟದ ಕಡೆ ನಡೆದರೆ ನಾವಿಬ್ಬರು ಸಾಮಾನಿನ ಕೋಣೆಯಲ್ಲಿ ತೆಂಗಿನಕಾಯಿ ಚೀಲಗಳ ಹಿಂದೆ ಕೂತು ಬುತ್ತಿ ಬಿಚ್ಚಿದೆವು. ಹೊರಗಿನಿಂದ ತುಪ್ಪದ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಬೆಲ್ಲ ತೆಗೆದುಕೊಳ್ಳಲು ಚಿಕ್ಕಮ್ಮನೇ ಒಳಗೆ ಬಂದಳು. ನಮ್ಮನ್ನೂ ಬುತ್ತಿಯನ್ನೂ ನೋಡಿದಳು.

"ಯಾಕಕ್ಕ, ನಮ್ಮ ಅನ್ನದಾಗ ವಿಷ ಐತೇನು?"

"ಹಂಗಲ್ಲವ್ವ. ಪೂಜಿಗೆ ಇಟ್ಟಿದ್ದು ನಾವು ತಿನ್ನಂಗಿಲ್ಲ."

"ಮದ್ಲು ಸೋಮವಾರ ತಿಂತಿದ್ದಿಲ್ಲ, ಶನಿವಾರ ತಿಂತಿದ್ದಿಲ್ಲ. ಈಗ ಯಾವ ವಾರಾನೂ ತಿನ್ನಂಗಿಲ್ಲ. ನನಗ ಬಿಡುಗಡಿ ಆತು ಅಂತ ಫೋನಿನ್ಯಾಗ ಹೇಳ್ತಿದ್ದಿಯಲ್ಲ, ಯಾತರಿಂದ ಆತಕ್ಕ?"

ಅಮ್ಮ ಕೈಯಲ್ಲಿದ್ದ ಚಪಾತಿಯನ್ನು ಬುತ್ತಿಯಲ್ಲಿ ಇಟ್ಟಳು. "ಅದನ್ನ ನಮ್ಮ ಪಾಸ್ಟರ್ ಅಯ್ಯನೋರನ್ನ ಕೇಳಬೇಕು" ಎಂದಳು.

"ಹೋಗಿ ಕೇಳು. ಎರಡನೇ ಸಾಲಿನ್ಯಾಗ ಉಣ್ಣಾಕ ಕುಂತಾರ."

ನಿಜವಾಗಿಯೂ ಕೂತಿದ್ದರು. ನಮ್ಮ ಚರ್ಚಿನ ಪಾಸ್ಟರು ಮೂಲತಃ ಸಿರುಗುಪ್ಪದವರು. ಗಂಡಿನ ಅಪ್ಪನೂ ಅಲ್ಲಿಯವನೇ, ಇಬ್ಬರದೂ ಒಂದೇ ಓಣಿ, ಅದಕ್ಕೇ ಮದುವೆಗೆ ಕರೆದಿದ್ದ. ಅಮ್ಮ ಹೋಗಿ ಎದುರು ನಿಂತಾಗ ಅವರು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ಅಯ್ಯನೋರ, ಇದನ್ನ ತಿನ್ನಬಹುದೇನು?"

"ಬಿಸಿ ಇದ್ದಾಗ ತಿನ್ರಿ ತಾಯಿ."

"ನಾನು ಬುತ್ತಿ ತಂದೀನಿ."

ಪಾಸ್ಟರು ಎಲೆಯ ಮೇಲಿಂದ ಕೈ ತೆಗೆದರು. "ನಾವು ಒಳ್ಳೇರು ಅಂತ ದೇವರು ಕರದ್ನೇನು? ನಂಬಿ ಹೋದ್ವಿ, ಒಳಗ ಬಾ ಅಂದ. ಈಗ ಬುತ್ತಿ ತೋರಿಸಿ ಒಳಗ ಹೋಗಬೇಕೇನು? ತಂಗಿ ಪ್ರೀತಿಲೆ ಬಡಸ್ತಾಳ. ದೇವರಿಗೆ ಸ್ತೋತ್ರ ಹೇಳಿ ಉಣ್ರಿ."

"ಇಷ್ಟು ದಿನ ಯಾಕ ಹೇಳಿದ್ದಿಲ್ಲ?"

"ಭಾನುವಾರಕ್ಕೊಮ್ಮೆ ಹೇಳ್ತೀನಿ. ನೀವು ಆವಾಗ ಯಾರ ತಲಿ ಮ್ಯಾಲೆ ಸೆರಗಿಲ್ಲ ಅಂತ ನೋಡ್ತಿರ್ತೀರಿ."

ಅಮ್ಮನ ಮುಖ ಕೆಂಪಾಯಿತು. ಅತ್ತುಬಿಡುತ್ತಾಳೆ ಅಂದುಕೊಂಡೆ. ಆದರೆ ಕೈ ತೊಳೆದು ಬಂದು ಎಲೆಯ ಮುಂದೆ ಕೂತು ಕಣ್ಣು ಮುಚ್ಚಿದಳು. ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ, ಬಡಿಸುವವರು ನಿದ್ದೆ ಹೋಗಿದ್ದಾಳೆಂದು ತಿಳಿದು ಮುಂದೆ ಹೋದರು. ಕೊನೆಗೆ ಚಿಕ್ಕಮ್ಮನೇ ಹೋಳಿಗೆ ಹಾಕಿ ಪಕ್ಕದಲ್ಲಿ ಕೂತು, ಕೋಣೆಯಿಂದ ತಂದಿದ್ದ ನಮ್ಮ ಬುತ್ತಿಯ ಚಪಾತಿ ಮುರಿದಳು. "ನಿಮ್ಮ ಪ್ರಾರ್ಥನಿ ಆದ ಚಪಾತಿ ನಾ ತಿಂದ್ರ ನಡೀತೈತಲ್ಲ?" ಎಂದಳು. ಅಮ್ಮ ನಕ್ಕಳು. ಅಕ್ಕತಂಗಿಯರು ಒಟ್ಟಿಗೆ ಉಂಡದ್ದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದ್ದು ಅಂದೇ.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಅಮ್ಮನ ಸ್ವಭಾವ ನಿಮಗೆ ಗೊತ್ತಿಲ್ಲ. ಬಳ್ಳಾರಿಗೆ ಬಂದವಳೇ ಕಟ್ಟಳೆಗಿಂತ ಜೋರಾಗಿ ಬಿಡುಗಡೆಯನ್ನು ಸಾರತೊಡಗಿದಳು. ಕಂಟೋನ್ಮೆಂಟಿನಲ್ಲಿ ಚರ್ಚಿನ ಹೆಂಗಸರ ಕೂಟ ಸೇರಿದಾಗ ಪಕ್ಕದ ಮನೆಯ ಹಬ್ಬದ ಲಾಡು ಒಯ್ದು ಎಲ್ಲರಿಗೂ ಹಂಚಿದಳು. ಒಬ್ಬ ಅಜ್ಜಿ ಒಲ್ಲೆ ಎಂದಾಗ, ನಂಬಿಕೆ ಸಾಲದು ಎಂದು ಬುದ್ಧಿ ಹೇಳಿ ಎರಡು ತಿನ್ನಿಸಿಯೇ ಬಿಟ್ಟಳು. ಅಜ್ಜಿಗೆ ಇದ್ದದ್ದು ಸಕ್ಕರೆ ಕಾಯಿಲೆ. ಪಾಸ್ಟರು ಮನೆಗೆ ಬಂದು, "ಬಿಡುಗಡಿನೂ ಒಂದು ಕಾನೂನು ಮಾಡಬ್ಯಾಡ್ರಿ ತಾಯಿ" ಎಂದು ಕೈ ಮುಗಿದರು. ಅಮ್ಮ ಮರುದಿನವೇ ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದಳು. ನನಗೆ ತಿಳಿದಂತೆ ಅದು ಅವಳು ಯಾರಲ್ಲಾದರೂ ಕೇಳಿದ ಮೊದಲ ಕ್ಷಮೆ.

ಆಮೇಲೆ ಅವಳು ಮೆಲ್ಲಗೆ ಮೆತ್ತಗಾದಳು. ಯಾವಾಗ ಎಂದು ಹೇಳಲಾರೆ. ಮುಂದಿನ ವರ್ಷ ಚಿಕ್ಕಮ್ಮನಿಗೆ ಹೊಟ್ಟೆಯ ಆಪರೇಶನ್ ಆಗಿ, ಅವಳು ನಮ್ಮ ಮನೆಯಲ್ಲೇ ಉಳಿದಳು. ಒಂದು ಭಾನುವಾರ ಬೆಳಿಗ್ಗೆ ನಾನು ಚರ್ಚಿಗೆ ಹೊರಟು ನಿಂತಿದ್ದೆ. ಅಮ್ಮ ಎಣ್ಣೆ ಬಟ್ಟಲು ಹಿಡಿದು ತಂಗಿಯ ಮಂಚದ ಮೇಲೆ ಕೂತಿದ್ದಳು.

"ಅಕ್ಕ, ಇವತ್ತು ಚರ್ಚಿಗೆ ಹೋಗಂಗಿಲ್ಲೇನು?" ಚಿಕ್ಕಮ್ಮ ಗಾಬರಿಯಿಂದ ಕೇಳಿದಳು.

"ನಿನ್ನ ತಲಿಗೂದಲು ಗಂಟು ಕಟ್ಟೈತಿ. ಆ ಕಡೆ ತಿರುಗು" ಎಂದು ಅಮ್ಮ ಬಾಚಣಿಗೆ ಕೈಗೆತ್ತಿಕೊಂಡಳು.