ಬೋರ್ಡಿನ ಮೇಲಿನ ಮೂರನೇ ಹೆಸರು

ಒಂಬತ್ತನೇ ಕ್ಲಾಸಿಗೆ ಪ್ರಪಂಚದ ಇತಿಹಾಸ ಶುರು ಮಾಡಿದ ದಿನವೇ ನಾನೊಂದು ರೂಲ್ಸ್ ಹಾಕಿದ್ದೆ. ಮಾತಾಡಿದವರ, ತೂಕಡಿಸಿದವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯಬೇಕು. ಅವರು ಆ ಪಾಠದ ಪ್ರಶ್ನೋತ್ತರ ಹತ್ತು ಸಲ ಬರೆದು ತರಬೇಕು. ಲೀಡರ್ ಭಾಗ್ಯ, ಹೊಳವನಹಳ್ಳಿ ಕಡೆಯ ಹುಡುಗಿ. "ಯಾರೇ ಆಗ್ಲಿ ಬರಿ, ಮುಲಾಜು ನೋಡ್ಬೇಡ" ಅಂತ ಅವಳಿಗೆ ನಾನೇ ಹೇಳಿದ್ದೆ.

ಆಮೇಲೆ ಮನೆಮನೆ ಸಮೀಕ್ಷೆಯ ಡ್ಯೂಟಿ ಬಂತು. ಬೆಳಗ್ಗೆ ಕ್ಲಾಸು, ಮಧ್ಯಾಹ್ನದಿಂದ ಚನ್ನರಾಯನದುರ್ಗದ ಬೀದಿ ಸುತ್ತಾಟ. ಡ್ಯೂಟಿಯ ಹತ್ತನೇ ದಿನ ಫ್ರಾನ್ಸಿನ ಕ್ರಾಂತಿಯ ಪಾಠ. ಕಾನೂನಿನ ಮುಂದೆ ರಾಜನೂ ಒಂದೇ, ರೈತನೂ ಒಂದೇ ಅಂತ ವಿವರಿಸಿ, "ಈಗ ಮನಸ್ಸಿನಲ್ಲೇ ಓದ್ಕೊಳ್ಳಿ" ಎಂದು ಕುರ್ಚಿಯಲ್ಲಿ ಕೂತೆ. ಅಷ್ಟೇ ನೆನಪು.

ಬೆಲ್ಲು ಹೊಡೆದಾಗ ಎಚ್ಚರವಾಯಿತು. ಬೋರ್ಡಿನ ಮೇಲೆ ಇಬ್ಬರು ಹುಡುಗರ ಹೆಸರು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ 'ಮಿಸ್ - ನಿದ್ದೆ'.

"ಏನೇ ಇದು?"

ಭಾಗ್ಯ ಅಳುಮೋರೆ ಹಾಕಿಕೊಂಡು ಎದ್ದಳು. "ಯಾರೇ ಆಗ್ಲಿ ಬರಿ ಅಂತ ನೀವೇ ಹೇಳಿದ್ರಲ್ಲ ಮಿಸ್. ಅಳಿಸ್ಬುಡ್ಲಾ?"

ಇಡೀ ಕ್ಲಾಸು ನನ್ನ ಬಾಯನ್ನೇ ನೋಡುತ್ತಿತ್ತು. ಅಳಿಸು ಅಂದರೆ ಆಗಷ್ಟೇ ಮಾಡಿದ ಪಾಠವೂ ಅಳಿಸಿ ಹೋಗುತ್ತಿತ್ತು. "ಬೇಡ, ಇರ್ಲಿ" ಅಂದೆ.

"ಅಂಗಾದ್ರೆ ನಾಳೆ ಬರ್ಕೊಂಡು ಬತ್ತೀರಾ ಮಿಸ್?"

ಮಧ್ಯಾಹ್ನ ಸಮೀಕ್ಷೆಗೆ ಹೊರಡುವ ಮೊದಲು, ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ನೋಟ್ಸ್ ಬಿಚ್ಚಿ ಬರೆಯಲು ಕೂತೆ. ನಾಲ್ಕನೇ ಸಲಕ್ಕೆ ಮತ್ತೆ ಕಣ್ಣು ಎಳೆಯಿತು. ಪಕ್ಕದಲ್ಲಿ ಸಮೀಕ್ಷೆಯ ಡ್ಯೂಟಿಯ ಇನ್ನೂ ಮೂವರು ಮೇಷ್ಟ್ರುಗಳು ಟೇಬಲ್ಲಿಗೆ ತಲೆಯಿಟ್ಟು ಮಲಗಿದ್ದರು. ಪುಣ್ಯಕ್ಕೆ ಅಲ್ಲಿ ಬೋರ್ಡೂ ಇಲ್ಲ, ಲೀಡರೂ ಇಲ್ಲ.